ಹಿಂದಿನ ಕೋಣೆಗಾಗಿ ನಲವತ್ತು ಚೀಟಿ

ನೀರಿನ ಪರೀಕ್ಷಾಲಯದಲ್ಲಿ ಇಪ್ಪತ್ತು ವರ್ಷ ದುಡಿದ ತಕ್ಕಡಿರಾಯರಿಗೆ (ಈ ಬಿರುದು ಕೊಟ್ಟವಳು ಸ್ವಂತ ಹೆಂಡತಿ) ಹೆಂಡತಿಯ ಮೇಲೆ ಒಂದೇ ದೂರು. ಆಕೆಯ ಮಾತು ಆಳು ನೋಡಿ ಬಣ್ಣ ಬದಲಿಸುತ್ತದೆ. ತಂಗಿಯ ಹತ್ತಿರ ಒಂದು, ದರ್ಜಿಯ ಹತ್ತಿರ ಇನ್ನೊಂದು, ಡಾಕ್ಟರ ಎದುರು ಮೂರನೆಯದು. ತಮ್ಮದು ಹಾಗಲ್ಲವೆಂದೂ, ಕಾವಲುಗಾರನಿಗೂ ಡೈರೆಕ್ಟರಿಗೂ ಒಂದೇ ಭಾಷೆಯೆಂದೂ ಅವರು ಊಟದ ಮೇಜಿನ ಮುಂದೆ ಘೋಷಿಸಿದರು.

"ಸಾಬೀತು ಮಾಡಿ. ಮಾಡಿದ್ರೆ ಹಿಂದಿನ ಕೋಣೆ ನಿಮ್ಮದು" ಎಂದಳು ಹೆಂಡತಿ.

ಎರಡು ವರ್ಷದಿಂದ ಆ ಕೋಣೆಗೆ ಜಗ್ಗಾಟ. ರಾಯರಿಗೆ ಅದು ನೀರು ಪರೀಕ್ಷಿಸುವ ತಮ್ಮ ಗಾಜಿನ ಬುರುಡೆಗಳಿಗೆ ಬೇಕು, ಅವಳಿಗೆ ಹೊಲಿಗೆ ಯಂತ್ರಕ್ಕೆ. ರಾಯರು ಅಂದೇ ಪ್ರಯೋಗದ ವಿಧಾನ ಬರೆದರು. ಒಂದು ವಾರ ಮಗಳು ಅವರ ಬೆನ್ನಿಗಿದ್ದು, ಫೋನಿನಲ್ಲಿ ಆಡಿದ್ದೂ ಸೇರಿ ನಲವತ್ತು ಮಾತುಗಳನ್ನು ಚೀಟಿಗಳಲ್ಲಿ ಬರೆಯಬೇಕು. ಯಾರಿಗೆ ಆಡಿದ್ದೆಂಬುದು ಅವಳ ಪಟ್ಟಿಯಲ್ಲಿ ಮಾತ್ರ. ಅಪ್ಪಾ, ಸರ್, ರೀ, ಲೋ ಎಂಬ ಕಲ್ಮಶಗಳನ್ನು ಸೋಸಿ ತೆಗೆಯಬೇಕು. ಚೀಟಿ ಓದಿ ಆಳು ಗುರುತಿಸುವ ಕೆಲಸ ರಾಯರ ಅತ್ತೆಯವರದು; ಗುರುತು ಸಿಗದಿದ್ದರೆ ಗೆಲುವು ರಾಯರದು. ಅತ್ತೆಯವರಿಗೆ ನಿಷ್ಪಕ್ಷಪಾತದ ಬಗ್ಗೆ ರಾಯರು ಅರ್ಧ ಗಂಟೆ ಉಪನ್ಯಾಸ ಕೊಟ್ಟರು. ಅತ್ತೆ ಕನ್ನಡಕ ಕೇಳಿದರು.

'ಮೋಟಾರ್ ಹಾಕೋದಕ್ಕೂ ನಾನೇ ಬರ್ಬೇಕಾ' ಎಂಬ ಚೀಟಿ ಕಾವಲುಗಾರನ ರಾಶಿಗೆ ಹೋಯಿತು. 'ಇರೋದೇ ನಾಲ್ಕು ಕೂದಲು, ನೋಡಿ ಕೆಲಸ ಮಾಡು' ಕ್ಷೌರಿಕನಿಗೆ. 'ಸತ್ತೇ ಹೋಗಿದ್ದೀಯ ಅಂದ್ಕೊಂಡಿದ್ದೆ, ಬದುಕಿದ್ದೀಯಾ' ಹಳೆಯ ಗೆಳೆಯನಿಗೆ. 'ಆಗ್ಲಿ, ಈಗ್ಲೇ ನೋಡ್ತೀನಿ', 'ನನ್ನ ಗಮನಕ್ಕೆ ಬರ್ಲಿಲ್ಲ', 'ಇನ್ನೊಂದ್ಸಲ ಹಾಗಾಗಲ್ಲ' ಇವೆಲ್ಲ ಡೈರೆಕ್ಟರ ರಾಶಿಯಲ್ಲಿ ಗುಡ್ಡೆಯಾದವು. ಅತ್ತೆಯವರು ಎಲ್ಲೂ ತಡವರಿಸಲಿಲ್ಲ. ರಾಯರು ಬೆವರು ಒರೆಸಿಕೊಂಡರು.

ಮಗಳು ತಾಳೆ ನೋಡಿದಳು. ಮೂವತ್ತೊಂದು ಸರಿ, ಒಂಬತ್ತು ತಪ್ಪು.

ರಾಯರಿಗೆ ಹೋದ ಜೀವ ಬಂತು. "ಕಂಡ್ರಾ ಅತ್ತೆ? ಒಂಬತ್ತು ಕಡೆ ಯಾರಿಗೆ ಹೇಳಿದ್ದು ಅಂತ ನಿಮಗೇ ಗೊತ್ತಾಗ್ಲಿಲ್ಲ. ಒಂದೇ ಭಾಷೆ ಅನ್ನೋಕೆ ಇನ್ನೇನು ಪುರಾವೆ ಬೇಕು?"

"ಒಂಬತ್ತೂ ಡೈರೆಕ್ಟರ್ ರಾಶೀಲಿ ಇದ್ವು ಅಪ್ಪಾ" ಎಂದಳು ಮಗಳು. "ಒಂಬತ್ತೂ ನೀನು ಅಮ್ಮಂಗೆ ಹೇಳಿದ್ದು."

ಅತ್ತೆ ಕನ್ನಡಕ ತೆಗೆದು ಮಡಿಸಿಟ್ಟರು. "ತಪ್ಪು ನಂದಲ್ಲ ಅಳಿಯಂದಿರೇ. ಮನೇಲಿ ಇನ್ನೊಬ್ಬರು ಡೈರೆಕ್ಟರ್ ಇದ್ದಾರೆ ಅಂತ ಮೊದಲೇ ಹೇಳ್ಬೇಕಿತ್ತು."

ರಾಯರು ಪ್ರಾಮಾಣಿಕ ವಿಜ್ಞಾನಿ. ಫಲಿತಾಂಶವನ್ನು ಒಪ್ಪಿದರು. ಸಂಜೆ ಹೊಲಿಗೆ ಯಂತ್ರವನ್ನು ತಾವೇ ಹೊತ್ತು ಹಿಂದಿನ ಕೋಣೆಯ ಕಿಟಕಿಯ ಬಳಿ ಇಟ್ಟರು. ಸೊಂಟ ಹಿಡಿದುಕೊಂಡು ನಿಂತ ಗಂಡನನ್ನು ನೋಡಿ ಹೆಂಡತಿಯ ಮನಸ್ಸು ಕರಗಿತು. ಮೇಲಿನ ಶೆಲ್ಫೊಂದನ್ನು ಬುರುಡೆಗಳಿಗೆ ಮಂಜೂರು ಮಾಡಿದಳು.

ರಾಯರ ಮುಖ ಅರಳಿತು.

"ತುಂಬಾ ಉಪಕಾರ ಆಯ್ತು. ನಾಳೆ ಬೆಳಗ್ಗೆ ಹತ್ತರೊಳಗೆ ಜೋಡಿಸಿ ವರದಿ ಕೊಡ್ತೀನಿ" ಎಂದರು. ಅಂದಮೇಲೆ ನಾಲಿಗೆ ಕಚ್ಚಿಕೊಂಡರು.