ಕೊಲೆ ನಡೆಯದ ದ್ವೀಪಕ್ಕೆ ಭಾವನವರ ಸವಾರಿ

ಆ ಪ್ರಯಾಣಕ್ಕೆ ತಗುಲಿದ ಖರ್ಚು ಒಂದು ಎಮ್ಮೆ. ಅದೂ ಎಂಥ ಎಮ್ಮೆ! ಎರಡು ಹೊತ್ತೂ ತಂಬಿಗೆಗಟ್ಟಲೆ ಹಾಲು ಕೊಟ್ಟು, ಯಾರನ್ನೂ ಒಮ್ಮೆಯೂ ಒದೆಯದಿದ್ದ ಎಮ್ಮೆ. ಪೆಟ್ರೋಲು, ದೋಣಿ, ಮನೆ ಬಾಡಿಗೆ ಎಂದು ಕರಗಿಯೇ ಹೋಯಿತು. ಯಾಕೆ ಮಾರಿದೆ ಎಂದು ಕೇಳುತ್ತೀರಾ? ನನ್ನ ಭಾವನವರು ಕಾದಂಬರಿ ಓದುತ್ತಾರೆ, ಅದಕ್ಕೆ!

ಎಲ್ಲರ ಹಾಗೆ ಓದುವವರಾಗಿದ್ದರೆ ಎಮ್ಮೆ ಉಳಿಯುತ್ತಿತ್ತು. ಭಾವನವರು ಓದುವುದು ಕೊಲೆಯ ಕಾದಂಬರಿಗಳನ್ನು ಮಾತ್ರ. ಕಕ್ಕಬೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿ ಲೆಕ್ಕ ಬರೆಯುತ್ತಿದ್ದವರು ಅವರು. ಬಿಳಿ ದೊರೆ ತೋಟ ಮಾರಿ ಹಡಗು ಹತ್ತುವಾಗ ಉಳಿದ ನೌಕರರು ಕುರ್ಚಿ, ಗಡಿಯಾರ ಎಂದು ಕೇಳಿ ಪಡೆದರು. ಇವರು ಪಡೆದದ್ದು ಟ್ರಂಕಿನ ತುಂಬ ಇಂಗ್ಲಿಷ್ ಪತ್ತೇದಾರಿ ಪುಸ್ತಕ! ನಿವೃತ್ತರಾಗಿ ಶನಿವಾರಸಂತೆಯಲ್ಲಿ ನನ್ನ ಪಕ್ಕದ ಮನೆಗೇ ಬಂದ ಮೇಲೆ, ಅವನ್ನು ಓದಿ ನನ್ನ ಅಕ್ಕನಿಗೆ ಕನ್ನಡದಲ್ಲಿ ಹೇಳುವುದೇ ಅವರ ಉದ್ಯೋಗ. ಅವರ ಬಾಯಲ್ಲಿ ಲಂಡನ್ನಿನ ಜಮೀನ್ದಾರಿಣಿ ಅಕ್ಕಿರೊಟ್ಟಿ ತಿಂದೇ ಸಾಯುತ್ತಿದ್ದಳು.

ಕಲಿತ ವಿದ್ಯೆ ಸುಮ್ಮನಿರುತ್ತದೆಯೆ? ಒಮ್ಮೆ ಅಕ್ಕನ ಕರಿ ಹೇಂಟೆ ಕಾಣೆಯಾಯಿತು. ಭಾವನವರು ಭೂತಗನ್ನಡಿ ಹಿಡಿದು ಹಿತ್ತಲಲ್ಲಿ ಮಂಡಿಯೂರಿ, ಪುಕ್ಕ ಹೆಕ್ಕಿ, ಹೆಜ್ಜೆ ಅಳೆದು, "ಕೊಲೆ! ಆಸಾಮಿ ಎತ್ತರ, ಎಡಗೈಯೋನು, ಒಂದು ಕಾಲು ಎಳೀತಾನೆ" ಎಂದು ಸಾರಿದರು. ಊರಿನ ಎತ್ತರದವರೆಲ್ಲ ಬಗ್ಗಿ ನಡೆಯತೊಡಗಿದರು! ಕೆಲವು ವಾರ ಕಳೆದು ಹೇಂಟೆ ಕಾಫಿ ಗಿಡದ ಬುಡದಿಂದ ಮರಿಗಳ ಮೆರವಣಿಗೆ ಸಮೇತ ಹೊರಬಂತು.

"ಏನ್ ಭಾವ, ಕೊಲೆಯಾದೋಳು ಬಾಣಂತನ ಮುಗಿಸ್ಕೊಂಡು ಬಂದ್ಳಲ್ಲ?" ಅಂದೆ.

"ಹೆಣ ಸಿಕ್ಕಿಲ್ಲ ಅಂತ ಮೊದ್ಲೇ ಹೇಳಿದ್ನಲ್ಲಯ್ಯ!" ಎನ್ನುತ್ತ ಭೂತಗನ್ನಡಿ ಒರೆಸಿಕೊಂಡರು.

ನಾನೋ ಚೌಕಾಶಿಯಿಂದಲೇ ಬೆಳೆದವನು. ತಲೆಯ ಮೇಲೆ ಕಿತ್ತಳೆ ಬುಟ್ಟಿ ಹೊತ್ತು ಶುರುಮಾಡಿ, ಮಿಲಿಟರಿ ಹರಾಜಿನಲ್ಲಿ ಹಳೆಯ ವ್ಯಾನು ಕೊಳ್ಳುವ ಮಟ್ಟಕ್ಕೆ ಬಂದೆ. ಆದರೆ ಅಕ್ಕನ ದಮ್ಮಿನ ಮುಂದೆ ನನ್ನ ಯಾವ ಆಟವೂ ನಡೆಯುತ್ತಿರಲಿಲ್ಲ. ಮಂಜು ಇಳಿಯಿತೆಂದರೆ ಅವಳ ಎದೆಯಲ್ಲಿ ಒಡಕು ಕೊಳಲು ಊದಿದ ಹಾಗೆ ಶಬ್ದ. ಆ ವರ್ಷವಂತೂ ಒಲೆಯ ಬಳಿಯಿಂದ ಕೊಟ್ಟಿಗೆಗೆ ಹೋಗುವಷ್ಟರಲ್ಲಿ ಅಲ್ಲಲ್ಲಿ ಕೂರುತ್ತಿದ್ದಳು. ಡಾಕ್ಟರು ನಮ್ಮನ್ನು ಹೊರಗೆ ಕರೆದು, "ಈ ಚಳಿ ದಾಟಿಸೋದು ಕಷ್ಟ. ಆದಷ್ಟು ಬೆಚ್ಚಗಿಡಿ" ಎಂದರು. ಎಲ್ಲಿ ಬೆಚ್ಚಗಿಡುವುದು? ನಮ್ಮ ಕಡೆ ಪುಷ್ಯಮಾಸದಲ್ಲಿ ಒಲೆಯೇ ನಡುಗುತ್ತದೆ!

ಭಾವನವರು ಟ್ರಂಕು ತೆರೆದರು.

"ನೋಡಯ್ಯ, ಚಳಿ ಬಿತ್ತು ಅಂದ್ರೆ ಈ ಪುಸ್ತಕದೋರೆಲ್ಲ ಬೆಚ್ಚನೆ ದ್ವೀಪಕ್ಕೆ ಹೋಗ್ತಾರೆ. ಅಲ್ಲಿ ಒಬ್ರೂ ಕೆಮ್ಮಿದ್ದಿಲ್ಲ."

"ಕೊಲೆ ಆಗುತ್ತಲ್ಲ ಭಾವ?"

"ಕೊಲೆಯಾಗೋನು ಒಬ್ಬ. ಉಳಿದೋರ ಆರೋಗ್ಯ ನೋಡು!"

"ನಾವು ಹೋಗೋದೇ ಮೂರು ಜನ," ಅಂದಳು ಅಕ್ಕ, ಕೆಮ್ಮಿನ ನಡುವೆ. "ಆ ಒಬ್ಬ ಯಾರು ಅಂತ ಈಗ್ಲೇ ಹೇಳ್ಬಿಡಿ."

ತಲಚೇರಿಯ ಹತ್ತಿರ ಕಡಲಲ್ಲಿ ಒಂದು ಪುಟ್ಟ ದ್ವೀಪವಿದೆಯೆಂದು ಕಿತ್ತಳೆ ವ್ಯಾಪಾರದಲ್ಲಿ ಕೇಳಿದ್ದೆ. ಹೊರಟೆವು. ಖಾಲಿ ವ್ಯಾನು ಓಡಿಸುವುದು ನನ್ನ ಜಾಯಮಾನವಲ್ಲ. ಹಿಂದುಗಡೆ ಕಿತ್ತಳೆ ತುಂಬಿದೆ. ಆಗ ನಮ್ಮ ಕೊಡಗೇ ಒಂದು ರಾಜ್ಯ. ಮಾಕುಟ್ಟದ ಘಾಟಿ ಇಳಿದರೆ ಮದರಾಸು ಸರ್ಕಾರ, ಅಲ್ಲಿ ಪಾನನಿರೋಧ. ಗಡಿಯ ಪೊಲೀಸಿನವನು ನಮ್ಮನ್ನು ಬಿಟ್ಟೇ ಬಿಡುತ್ತಿದ್ದ. ಭಾವನವರು ಕಿಟಕಿಯಿಂದ ತಲೆ ಹೊರಹಾಕಿ, "ಕಳ್ಳಸಾಗಣೆಯೋರು ಯಾವಾಗ್ಲೂ ತಳದ ಬುಟ್ಟೀಲಿ ಇಡ್ತಾರೆ, ನೋಡಿ" ಎಂದು ವೃತ್ತಿಬಾಂಧವನಿಗೆ ಹೇಳುವಂತೆ ಹೇಳಿದರು! ಅಷ್ಟೂ ಕಿತ್ತಳೆ ರಸ್ತೆಗಿಳಿಯಿತು. ಸಿಕ್ಕಿದ್ದು ಅಕ್ಕನ ಕಷಾಯದ ಬಾಟಲಿ. ಪೊಲೀಸಿನವನು ಮೂಗಿಗೆ ಹಿಡಿದು ಜೋರಾಗಿ ಎಳೆದ. ಕರಿಮೆಣಸಿನ ಘಾಟು! ಸೀನುತ್ತ ಸೀನುತ್ತಲೇ ಗೇಟು ಎತ್ತಿದ.

ಘಾಟಿ ಇಳಿದಂತೆ ಗಾಳಿ ಬೆಚ್ಚಗಾಯಿತು. ಅಕ್ಕ ಮೊದಲು ಕಂಬಳಿ ತೆಗೆದಳು, ಆಮೇಲೆ ಶಾಲು, ಆಮೇಲೆ ಭಾವನವರ ಕೋಟು. ಒಳಗೆ ಎಷ್ಟು ಸಣ್ಣಗಾಗಿದ್ದಳು! ತಿರುವಿನಲ್ಲಿ ತಟ್ಟನೆ ಕಡಲು ಕಂಡಿತು. ನಾನು ಬ್ರೇಕು ಹಾಕಿದೆ. ಗುಡ್ಡಗಳ ನಡುವೆ ಆಕಾಶವನ್ನು ತುಂಡುತುಂಡಾಗಿ ಕಂಡವರು ನಾವು. ಇಷ್ಟಗಲಕ್ಕೆ ಅದು ಯಾರ ಬೇಲಿಯೂ ಇಲ್ಲದೆ ಬಿದ್ದುಕೊಂಡಿದ್ದರೆ ಎದುರು ನಿಲ್ಲಲು ಸಂಕೋಚವಾಗದೆ ಇರುತ್ತದೆಯೆ? ಭಾವನವರು ಕೂಡ ಕೈಯಲ್ಲಿದ್ದ ಪುಸ್ತಕ ಮುಚ್ಚಿದರು ಎಂದರೆ ನೀವೇ ಊಹಿಸಿ!

ದ್ವೀಪಕ್ಕೂ ದಡಕ್ಕೂ ನಡುವೆ ಪಾದ ಮುಳುಗುವಷ್ಟು ನೀರು. ದೋಣಿಯವನು ಬಂದು ಎರಡು ಬೆರಳು ತೋರಿಸಿದ. ಎರಡು ರೂಪಾಯಿ! ನಾನು ನಕ್ಕು, ನಡೆದೇ ಹೋಗುತ್ತೇವೆಂದು ಕೈಯಾಡಿಸಿದೆ. ಅವನು ಕಡಲು ತೋರಿಸಿ, "ವೆಳ್ಳಂ ಕೇರುಂ, ವೆಳ್ಳಂ ಕೇರುಂ" ಎಂದ. ನೀರು ಏರುತ್ತದಂತೆ! ಮೋಡವೇ ಇಲ್ಲದ ಪುಷ್ಯದಲ್ಲಿ? ನಮ್ಮ ನೆಲ್ಯಹುದಿಕೇರಿಯ ಕಾವೇರಿಯನ್ನು ಬೇಕಾದರೆ ಕೇಳಿ, ಮಳೆಗಾಲದಲ್ಲಿ ಬಿಟ್ಟರೆ ಒಂದು ಗೇಣು ಏರಿದ್ದುಂಟೆ? ವ್ಯಾಪಾರದ ಇಂಥ ಮಾತುಗಳನ್ನು ನಾನೂ ಬೇಕಾದಷ್ಟು ಆಡಿದ್ದೇನೆ. ಅಕ್ಕನಿಗೆ ಹೆಗಲು ಕೊಟ್ಟು ದಾಟಿಸಿದೆವು.

ದ್ವೀಪದ ಮರಳು ರೊಟ್ಟಿಯ ಕಾವಲಿಯ ಹಾಗೆ ಬೆಚ್ಚಗಿತ್ತು. "ಕೊಲೆಗೆ ಹೇಳಿ ಮಾಡಿಸಿದ ಜಾಗ!" ಎಂದು ಭಾವನವರು ಭೂತಗನ್ನಡಿ ತೆಗೆದರು. ನಾನು ತೆಂಗಿನಕಾಯಿಯ ಧಾರಣೆ ಅಂದಾಜು ಮಾಡುತ್ತ ಒಂದು ಸುತ್ತು ಹಾಕಿ ಬಂದು ನೋಡುತ್ತೇನೆ, ನಾವು ನಡೆದು ಬಂದ ದಾರಿಯೇ ಇಲ್ಲ! ಇದ್ದಲ್ಲೆಲ್ಲ ಕಡಲು. ಅದರ ಮೇಲೆ ಆ ದೋಣಿಯವನು ಆರಾಮವಾಗಿ ಹುಟ್ಟು ಹಾಕುತ್ತ ಬಂದು, ಈ ಸಲ ನಾಲ್ಕು ಬೆರಳು ತೋರಿಸಿದ.

ಕೂಗಾಡಲು ಬಾಯಿ ತೆರೆದೆ. ಹಿಂದಿನಿಂದ ಭಾವನವರ ಕೈ ಬಂದು ನನ್ನ ಬಾಯಿ ಮುಚ್ಚಿತು.

"ಮೆಲ್ಲಗೆ ಕಣಯ್ಯ! ಮಲಗಿದಾಳೆ."

ಮಲಗಿದ್ದಾಳೆ! ದೀಪಾವಳಿಯಿಂದ ಈಚೆಗೆ ಆ ಮಾತು ನಮ್ಮ ಮನೆಯಲ್ಲಿ ಕೇಳಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಅಕ್ಕ ರಾತ್ರಿಗಳನ್ನೆಲ್ಲ ಗೋಡೆಗೆ ಒರಗಿ ಕೂತೇ ಕಳೆಯುತ್ತಿದ್ದಳು. ಈಗ ಬಿಸಿ ಮರಳಿನ ಮೇಲೆ ಉದ್ದಕ್ಕೆ ಕಾಲು ಚಾಚಿ, ಬಾಯಿ ಮುಚ್ಚಿ, ಮಗುವಿನಂತೆ ಉಸಿರಾಡುತ್ತಿದ್ದಳು. ಎದೆಯಲ್ಲಿ ಸದ್ದೇ ಇಲ್ಲ.

ಭಾವನವರು ಅವಳ ಮುಖಕ್ಕೆ ಬಿಸಿಲು ಬೀಳದಂತೆ ಅಡ್ಡ ಕೂತು ಪಿಸುಗುಟ್ಟಿದರು: "ರಾತ್ರಿಯೆಲ್ಲ ಹೆದ್ರಿಕೊಂಡು ಕೂತಿರ್ತಾಳೆ, ಮುಂದಿನ ಉಸಿರು ಬರುತ್ತೋ ಇಲ್ವೋ ಅಂತ. ಕೊಲೆಗಾರ ಯಾರು ಅನ್ನೋ ಯೋಚ್ನೆ ಹತ್ತಿಸಿಬಿಟ್ರೆ ಇದು ಮರೆತುಹೋಗುತ್ತೆ. ಅದಕ್ಕೇ ಬೆಳಗಾಗೋವರೆಗೂ ಅವನನ್ನ ಹಿಡಿಯಲ್ಲ ನಾನು."

ನಿದ್ದೆಗೆಟ್ಟ ಅವರ ಕೆಂಪು ಕಣ್ಣುಗಳನ್ನು ಓದಿನ ಹುಚ್ಚೆಂದು ಎಷ್ಟು ಸಲ ಆಡಿಕೊಂಡಿದ್ದೇನೋ! ಅವರ ಮುಂದೆ ನಿಲ್ಲಲು ನನಗೆ ಆ ಕಡಲಿನ ಮುಂದೆ ನಿಂತದ್ದಕ್ಕಿಂತ ಹೆಚ್ಚು ಸಂಕೋಚವಾಯಿತು.

ದೋಣಿಯವನು ಮಲಗಿದವಳನ್ನು ನೋಡಿದ. ಸದ್ದಾಗದಂತೆ ದೋಣಿ ದಡಕ್ಕೆಳೆದು, ದೂರ ಹೋಗಿ ಬೀಡಿ ಹಚ್ಚಿ ಕುಕ್ಕರಗಾಲಲ್ಲಿ ಕೂತ. ಸಂಜೆ ಅವಳು ಎದ್ದಾಗ ನನ್ನತ್ತ ತಿರುಗಿ, ನಾಲ್ಕರಲ್ಲಿ ಎರಡು ಬೆರಳು ಮಡಿಸಿದ. ನಾನು ಅವನ ಕೈ ಹಿಡಿದು ಆ ಎರಡನ್ನೂ ಮತ್ತೆ ಬಿಡಿಸಿದೆ.

ಶಿವರಾತ್ರಿ ಕಳೆಯುವವರೆಗೂ ಅವರಿಬ್ಬರೂ ಕಡಲಂಚಿನ ಬಾಡಿಗೆ ಮನೆಯಲ್ಲೇ ಉಳಿದರು. ಅಕ್ಕ ಚಳಿ ದಾಟಿದಳು.

ನೀವೂ ಹೋಗುವುದಾದರೆ ಕೇಳಿ. ಘಾಟಿಯನ್ನು ಮಧ್ಯಾಹ್ನದೊಳಗೆ ಇಳಿಯಿರಿ. ಕಡಲಂಚಿನಲ್ಲಿ ಹೇಳಿದ ಬಾಡಿಗೆಯಲ್ಲಿ ಕಾಲುಭಾಗ ಇಳಿಸಬಹುದು, ನಾಚಬೇಡಿ. ನೀರಿನ ವಿಷಯದಲ್ಲಿ ಮಾತ್ರ ಅಲ್ಲಿಯವರ ಮಾತನ್ನು ಕೇಳಿ. ಹೋಗಲಾಗದವರ ಮನೆಯಲ್ಲಿ ದಮ್ಮಿನವರಿದ್ದರೆ ಒಂದು ಉದ್ದನೆಯ ಕಥೆ ಕಲಿತಿಟ್ಟುಕೊಳ್ಳಿ. ಅವರು ಎಷ್ಟೇ ಪೀಡಿಸಲಿ, ಕೈ ಹಿಡಿದು ಬೇಡಲಿ, ಬೆಳಕು ಹರಿಯುವ ಮೊದಲು ಕೊಲೆಗಾರನ ಹೆಸರನ್ನು ಬಾಯಿಬಿಡಬೇಡಿ.