ರೊಟ್ಟಿ ಬಡಿಯಾಕಿ ಕಂಡ ಕಾಡು

ನಾ ಬೆಟಗೇರ್ಯಾಗ ರೊಟ್ಟಿ ಬಡದು ಮಾರಾಕಿ. ಕಾಡಿಗೂ ನನಗೂ ಏನ ಸಂಬಂಧ ಅಂತೀರಿ? ಗದಗ ಬ್ಯಾರೆ ಜಿಲ್ಲಾ ಆದ ಮ್ಯಾಲ ನಮ್ಮ ಓಣ್ಯಾಗ ಒಬ್ರು ಟೂರಿನ ಗಾಡಿ ಇಟ್ರು. ಹುಲಿ ತೋರಸ್ತೇವಿ, ಆನಿ ತೋರಸ್ತೇವಿ, ಕಾಫಿ ತೋಟ ತೋರಸ್ತೇವಿ ಅಂದ್ರ ನಮ್ಮ ಮಂದಿ, "ಅದೆಲ್ಲಾ ಖರೆ, ಅಲ್ಲಿ ರೊಟ್ಟಿ ಸಿಗ್ತಾವಿಲ್ಲೋ?" ಅಂತ ಕೇಳೋರು. ಹಿಂಗಾಗಿ ಗಾಡಿಯೊಳಗ ನನ್ನನ್ನೂ ನನ್ನ ಹಂಚನ್ನೂ ಹತ್ತಿಸಿಕೊಂಡ್ರು. ಅವತ್ತಿನಿಂದ ಒಂದ ಟೂರರ ನಗಿ ಇಲ್ದ ಮುಗದದ್ದು ನನಗ ನೆನಪಿಲ್ಲ.

ದಿನಕ್ಕ ಎರಡ ಹೊತ್ತು

ಚಿಕ್ಕಮಗಳೂರ ಕಡೆ ಒಂದು ಕಾಫಿ ತೋಟಕ್ಕ ಹೋಗಿದ್ವಿ. ಗಿಡಾ ಎಲ್ಲಾ ತೋರಿಸಿದ ಮ್ಯಾಲ ತೋಟದಾಂವ ಸಣ್ಣ ಸಣ್ಣ ಲೋಟದಾಗ ಹಾಲು, ಸಕ್ರಿ ಇಲ್ಲದ ಕರಿ ಕಾಫಿ ಕೊಟ್ಟ. ಶಿರಹಟ್ಟಿ ಅಜ್ಜಿ ಒಬ್ರು ಒಂದ ಗುಟುಕು ಕುಡದು, ಮಾರಿ ಕಿವುಚಿ, ಕಷಾಯ ಅಂತನ ತಿಳಕೊಂಡು ಕೇಳಿದ್ರು:

"ಯಪ್ಪಾ, ದಿನಕ್ಕ ಎಷ್ಟ ಹೊತ್ತು ತೊಗೋಬೇಕು?"

"ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಅಜ್ಜಿ."

"ಊಟಕ್ಕ ಮೊದಲೋ, ಆದ ಮ್ಯಾಲೋ?"

"ಆದ್ಮೇಲೆ ಒಳ್ಳೇದು."

"ಪಥ್ಯ ಏನರ?"

ಅಂವ ನಕ್ಕೊಂತ, "ಹಾಲು, ಸಕ್ಕರೆ ಬೆರೆಸ್ಬೇಡಿ, ರುಚಿ ಕೆಡುತ್ತೆ" ಅಂದ.

ಅಜ್ಜಿ ಎರಡ ಪಾಕೀಟು ಕಟ್ಟಿಸಿಕೊಂಡ್ರು. ತಿಂಗಳ ಬಿಟ್ಟು ಶಿರಹಟ್ಟಿ ಸಂತ್ಯಾಗ ಸಿಕ್ಕಾಗ, "ಆರಾಮ ಅದೀರೇನ್ರಿ?" ಅಂದೆ.

"ಆ ಔಷಧ ಭಾರಿ ಐತಿ ನೋಡವಾ. ಮೊಳಕಾಲ ಬ್ಯಾನಿ ಹೋತು. ಅದರ ಜೋಡಿ ನಿದ್ದಿನೂ ಹೋತು!"

ಮಂಗ್ಯಾ

ಇನ್ನೊಮ್ಮೆ ಕಾಡಿನ ಬಾಜೂಕ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚಿದ್ದೆ. ಒಂದ ಮಂಗ್ಯಾ ಬಂದು ಇಪ್ಪತ್ತು ಖಡಕ್ ರೊಟ್ಟಿ ಇದ್ದ ಗಂಟು ಹೊತಗೊಂಡು ಗಿಡಾ ಏರಿತು. ನಾ ಬಾಯಿ ಬಾಯಿ ಬಡಕೊಂಡೆ. ನಮ್ಮ ಡ್ರೈವರು ಲಕ್ಷ್ಮೇಶ್ವರದ ಚಾಚಾ, ಯಾವುದಕ್ಕೂ ಗಾಬರಿ ಆಗದ ಮನಷ್ಯಾ. ಸಾವಕಾಶ ಮ್ಯಾಲ ನೋಡಿದ್ರು. ಮಂಗ್ಯಾ ಕಟಂ ಕಟಂ ಅಂತ ಕಡಿಯಾಕ ಹತ್ತಿತ್ತು.

"ಸುಮ್ಕಿರ ತಂಗಿ. ಬರೀ ರೊಟ್ಟಿ ಎಷ್ಟ ತಿಂದೀತು? ಈಗ ಶೇಂಗಾ ಚಟ್ನಿ ಕೇಳಾಕ ಇಳೀತೈತಿ, ಆವಾಗ ಹಿಡಿಯೂನು."

ತೋಳದ ಕೂಡ ಏನ ಕೆಲಸ?

ಒಂದ ವರ್ಷ ಉಲ್ಟಾ ಆತು. ದೂರದ ಊರಿಂದ ನಾಕು ಮಂದಿ ಸಾಹೇಬ್ರು ಕಪ್ಪತಗುಡ್ಡದ ತೋಳ ನೋಡಾಕ ನಮ್ಮ ಕಡೆನ ಬಂದ್ರು. ಡೋಣಿ ಅನ್ನೋ ಹಳ್ಳಿ ಹತ್ರ ಇಳಕೊಂಡಿದ್ರು, ಅಡಗಿ ನಂದು. ಮೊಳದುದ್ದದ ಕ್ಯಾಮೆರಾ ಹಿಡಕೊಂಡು ಒಬ್ಬ ಕುರಿ ಕಾಯಾಂವನ್ನ ಕೇಳಿದ್ರು:

"ತೋಳ ಎಲ್ಲಿ ಬರುತ್ತೆ?"

"ನಿಮ್ಮವು ಎಷ್ಟ ಕುರಿ ಹೋದೂವ್ರಿ?"

"ನಮ್ಮ ಹತ್ರ ಕುರಿ ಇಲ್ಲಪ್ಪ."

"ಮತ್ತ ತೋಳದ ಕೂಡ ಏನ ಕೆಲಸ?"

"ನೋಡಬೇಕು, ಅಷ್ಟೇ."

ಅಂವ ಅವರನ್ನ ಕಾಲಿಂದ ತಲಿ ತನಕಾ ನೋಡಿದ. ಅದು ಕಣ್ಣಿಗೆ ಬೀಳಬಾರದಂತ ದಿನಾ ದೇವರಿಗೆ ಕೈ ಮುಗಿಯಾಂವ ಅಂವ. ಆದ್ರೂ ಪಾಪ, ತಾ ಕುರಿ ಮೇಯಸೋ ಜಾಗಾದಾಗನ ಅವರನ್ನ ಕುಂಡ್ರಿಸಿದ. ಮೂರ ದಿನಾ ಕುಂತ್ರು, ತೋಳದ ಬಾಲಾನೂ ಕಾಣಲಿಲ್ಲ. ಹೊರಡೋ ಹೊತ್ತಿಗೆ ಅಂವ ಓಡಿ ಬಂದು ಗಾಡಿಗೆ ಅಡ್ಡ ನಿಂತ.

"ಸಾಹೇಬ್ರ, ಇನ್ನೊಂದ ತಿಂಗಳರ ಇರ್ರಿ. ನೀವು ಬಂದಾಗಿಂದ ನಂದು ಒಂದ ಮರೀನೂ ಹೋಗಿಲ್ಲ!"

ಆನಿ

ಎಷ್ಟ ಟೂರ ಮಾಡಿದ್ರೂ ಕಾಡಿನೊಳಗ ಹೋಗೋ ನಸೀಬ ನನಗಿರಲಿಲ್ಲ. ಎಲ್ಲಾರೂ ಜೀಪು ಹತ್ತಿದ್ರ ನಾ ಒಲಿ ಮುಂದ. ಒಂದ್ಸಲ ಯಾರದೋ ಹೊಟ್ಟಿ ಕೆಟ್ಟು ಸೀಟು ಖಾಲಿ ಆತು. "ಬಾರವಾ, ನೀನೂ ಒಮ್ಮೆ ನೋಡಬೇಕ ಬ್ಯಾಡೇನು?" ಅಂತ ಮುಂಡರಗಿ ಗೌಡಸಾನಿಯವ್ರು ಕೈ ಹಿಡದು ಹತ್ತಿಸಿಕೊಂಡ್ರು. ಅವರ ಬಾಜೂಕ ಗೌಡ್ರು. ನಲವತ್ತ ವರ್ಷ ಎತ್ತು ಹೂಡಿದ ಮನಷ್ಯಾ, ದನಿ ಅಂದ್ರ ದನಿ.

ಯಾರೂ ಪಿಟ್ ಅನ್ನಬಾರದು ಅಂತ ಗೈಡು ಮೊದಲ ಹೇಳಿದ್ದ. ಒಂದ ತಿರುವಿನ್ಯಾಗ ನೋಡ್ತೇವಿ, ದಾರಿ ನಡಬರಕ ಆನಿ! ಕಿವಿ ಅಗಲ ಮಾಡಿ ಒಂದ ಹೆಜ್ಜಿ ಬಂತು. ಮತ್ತೊಂದ ಹೆಜ್ಜಿ ಬಂತು. ಜೀಪು ಹಿಂದ ತೊಗೊಳ್ಳಾಕ ಹೋದ್ರ ಬಂದ್ ಬಿತ್ತು. ನನಗ ಮನ್ಯಾಗಿನ ಮಕ್ಕಳ ಮಾರಿ ಕಣ್ಣ ಮುಂದ ಬಂದುವು. ಗೌಡಸಾನಿ ಹೆದರಿ ಎದ್ದು ನಿಂತು ಗಂಡನ ಹೆಗಲಾ ಗಟ್ಟಿ ಹಿಡಕೊಂಡ್ರು.

ಅಷ್ಟರಾಗ ಗೌಡ್ರು ಒದರಿದ್ರು:

"ಏ! ಆಚಿ ಸರಿ! ತುಳದು ಕೊಲ್ಲತೀ ಏನ?"

ಇಡೀ ಕಾಡು ನಡಗಿತು. ಆನಿ ನಿಂತಿತು. ನಮ್ಮನ್ನ ಒಮ್ಮೆ ನೋಡಿ, ಕಿವಿ ಇಳಿಸಿ, ಸಣ್ಣಗ ಹೊಳ್ಳಿ ಬಿದರಿನೊಳಗ ಹೋತು.

ಹೋದ ಜೀವ ತಿರುಗಿ ಬಂದಂಗಾತು ನಮಗ. ಗೈಡು ಗೌಡ್ರಿಗೆ ಎರಡೂ ಕೈ ಮುಗದ. "ಇಷ್ಟು ವರ್ಷದಲ್ಲಿ ನಾನು ಇಂಥದ್ದು ನೋಡಿಲ್ಲ ಗೌಡ್ರೇ. ನೀವು ಹೇಳಿದ ಕೂಡ್ಲೇ ಆನೆ ಸರಿದೇ ಬಿಡ್ತಲ್ಲ!"

ಗೌಡ್ರಿಗೆ ಸಿಟ್ಟ ಇಳಿದಿರಲಿಲ್ಲ.

"ಆನಿಗೆ ಯಾವಾಂವ ಹೇಳಿದ್ದ? ನನ್ನ ಕಾಲ ಮ್ಯಾಲ ನಿಂತಾಳಲ್ಲಾ, ಈಕಿಗೆ ಹೇಳಿದ್ದು ನಾ. ಆನಿ ಸರೀತು, ಈಕಿ ಇನ್ನೂ ಸರಿದಿಲ್ಲ ನೋಡ್ರಿ!"