ನನ್ನ ಅಂಗೈಯೂ ಸುಂಕಸಾಳದ ಹಳೇ ಗಣಿಯೂ

ಎಲ್ಲರಿಗೂ ಒಂದಲ್ಲ ಒಂದು ಜಂಬ ಇರುತ್ತದೆ. ಕೆಲವರಿಗೆ ಕಂಠದ್ದು, ಕೆಲವರಿಗೆ ಕೂದಲಿನದು. ಇವೆರಡೂ ಕೈಕೊಟ್ಟ ನನಗೆ ಉಳಿದಿರುವುದು ಅಂಗೈಯ ಜಂಬ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನಾನು ನಡೆದರೆ, ನೆಲದಡಿ ನೀರಿರುವಲ್ಲಿ ಕಾಯಿ ಎದ್ದು ನಿಲ್ಲುತ್ತದೆ. ಕಾರವಾರದ ಆಫೀಸಿನಲ್ಲಿ ನನ್ನ ಮಾತಿಗೆ ಒಂದು ಫೈಲೂ ಅಲುಗಾಡುವುದಿಲ್ಲ, ನಿಜ. ಆದರೆ ಕೇಣಿಯ ನೆಂಟರು ಯಾರೂ ನನ್ನನ್ನು ಕೇಳದೆ ಬಾವಿ ತೋಡಿಸುವುದಿಲ್ಲ. ನಾನು ಹೀಗೆ ಕಾಯಿ ಹಿಡಿದು ಜಾಗ ನೋಡಿದ ಮೊದಲ ಬಾವಿ ಸುಂಕಸಾಳದ ನಮ್ಮ ಜಾಗದ್ದೇ. ಜಾಗ ತೋರಿಸಿ ಓದಲು ಧಾರವಾಡಕ್ಕೆ ಹೋದೆ. "ನೀರು ಭರಪೂರ ಬಂತು, ಆದರೆ ಕೆಂಪು. ಅದಕ್ಕೇ ಮುಚ್ಚಿಸಿದೆ" ಎಂದು ಅಪ್ಪ ಕಾಗದ ಬರೆದಿದ್ದರು. ನೀರಿನ ಬಣ್ಣಕ್ಕೆ ನಾನು ಹೊಣೆಯೇ?

ಈ ಚಳಿಗಾಲದಲ್ಲಿ ನಮ್ಮ ಕಡೆ ಪುರಾತತ್ವದವರು ಸರ್ವೆಗೆ ಬಂದರು. ದಾರಿ ತೋರಿಸುವ ನೆಪದಲ್ಲಿ ನಾನು ರಜೆ ಹಾಕಿ ಅವರ ಬೆನ್ನು ಹತ್ತಿದೆ. ಗಂಗಾವಳಿ ಹೊಳೆಯ ದಂಡೆಯಲ್ಲಿ ಅವರ ಮುಖ್ಯಸ್ಥೆ ಮೇಡಂ ಒಂದು ಕಲ್ಲು ಹೆಕ್ಕಿ ನನ್ನ ಕೈಗಿಟ್ಟರು. ಎರಡೂ ಬದಿ ಚಕ್ಕೆ ಎಬ್ಬಿಸಿ ಮಾಡಿದ ಹರಿತ ಅಂಚು, ಹೆಬ್ಬೆರಳಿಗೆ ಸರಿಯಾದ ತಗ್ಗು. "ಸಾವಿರಾರು ವರ್ಷಗಳ ಹಿಂದೆ ಯಾರೋ ಇದನ್ನು ಹೀಗೇ ಹಿಡಿದಿದ್ದರು ಸಾರ್" ಎಂದರು. ನನಗೆ ಮೈ ಜುಂ ಎಂದಿತು! ಮುಂದೆ ಗುಡ್ಡದಲ್ಲಿ ಅದಿರು ಕರಗಿಸಿ ಎಸೆದ ಕಿಟ್ಟ, ಹಳೇ ಗಣಿಗುಂಡಿಗಳು ಸಿಕ್ಕವು. ನಾನೂ ಏನಾದರೂ ಕಂಡುಹಿಡಿಯಬೇಕು, ವರದಿಯಲ್ಲಿ ನನ್ನ ಹೆಸರೂ ಬರಬೇಕು ಎಂಬ ಹುಚ್ಚು ಹಿಡಿಯಿತು. ಆಫೀಸಿಗೆಲ್ಲ ಫೋನ್ ಮಾಡಿ ಮುಂಚಿತವಾಗಿಯೇ ಹೇಳಿಬಿಟ್ಟೆ.

ಕಂಡುಹಿಡಿದೂ ಬಿಟ್ಟೆ! ನಮ್ಮದೇ ಮನೆಯ ಹಿಂದೆ, ಓದಲು ಹೋದಮೇಲೆ ನಾನು ಕಾಲಿಡದ ಗುಡ್ಡದಲ್ಲಿ, ಮುಳ್ಳುಕಂಟಿಯ ನಡುವೆ, ಅರ್ಧ ಮುಚ್ಚಿಹೋದ ದೊಡ್ಡ ಗುಂಡಿ. ಗೋಡೆಯಲ್ಲಿ ಕಾಲಿಟ್ಟು ಇಳಿಯುವ ಗುರುತು, ಪಕ್ಕದಲ್ಲಿ ಕೆಂಪು ಮಣ್ಣಿನ ಗುಡ್ಡೆ. "ಗಣಿ! ಗಣಿ!" ಎಂದು ಕೂಗಿದ ಕೂಗಿಗೆ ಹಕ್ಕಿಗಳೆಲ್ಲ ಹಾರಿದವು. ಮೇಡಂ ಅಳತೆ ಮಾಡಿ ಪುಸ್ತಕ ತೆಗೆದರು. ನಾನು ಇನಿಶಿಯಲ್ ಸಮೇತ ಹೆಸರು ಹೇಳಿ, ಬರೆದರೋ ಇಲ್ಲವೋ ಎಂದು ಬಗ್ಗಿ ನೋಡಿದೆ.

ಅಷ್ಟರಲ್ಲಿ ಅಕ್ಕ ಎಲ್ಲರಿಗೂ ಮುರುಗಲ ಹಣ್ಣಿನ ಪಾನಕ ತಂದಳು. ಆ ಮನೆ ನೋಡಿಕೊಂಡಿರುವುದು ಅವಳೇ.

"ಅಕ್ಕಾ, ಹಳೇ ಕಾಲದ ಗಣಿ ಸಿಕ್ಕಿತು!"

"ಯಂತಾ ಗಣಿಯೋ ತಮ್ಮಾ, ಇದು ನಿನ್ನ ಬಾವಿ ಅಲ್ವನಾ?"

ನಾನು ಗುಂಡಿಗೆ ಇನ್ನೊಮ್ಮೆ ಇಣುಕಿದೆ. "ಅಪ್ಪ ಮುಚ್ಚಿಸಿದ್ರಲ್ಲ? ಕೆಂಪು ನೀರು..."

"ಯಂತಾ ಕೆಂಪು ನೀರು! ಒಂದು ಹನಿ ಬರ್ಲಿಲ್ಲ ಮಾರಾಯಾ. ನೀ ಬೇಜಾರ್ ಮಾಡ್ಕಂತೆ ಅಂದೇಳಿ ಅಪ್ಪ ಹಂಗೆ ಬರದ್ರು."

"ಮತ್ತೆ ಕೇಣಿಯ ಬಾವಿಗಳು?"

"ಸಮುದ್ರದ ದಂಡೆಯಲ್ಲಿ ಎಲ್ಲಿ ತೋಡಿದ್ರೂ ನೀರೇ, ತಮ್ಮಾ."

ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಲು ಹೋದೆ, ಆಗಲಿಲ್ಲ. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ ನನಗಾಗಿ ಕಾಗದದಲ್ಲೇ ಒಂದು ಬಾವಿಗೆ ನೀರು ತುಂಬಿಸಿದ್ದರು. ಮೆಲ್ಲಗೆ ಮೇಡಂ ಹತ್ತಿರ ಹೋಗಿ, "ನನ್ನ ಹೆಸರು ಹೊಡೆದು ಹಾಕಿಬಿಡಿ" ಎಂದೆ.

"ಯಾಕೆ ಸಾರ್?" ಮೇಡಂ ಪಾನಕ ಗುಟುಕರಿಸುತ್ತ ನಕ್ಕರು. "ಈ ಸರ್ವೆಯಲ್ಲಿ ಕಾಲವೂ, ತೋಡಿಸಿದವರ ಹೆಸರೂ ಗ್ಯಾರಂಟಿಯಾಗಿ ಗೊತ್ತಾದ ಗುಂಡಿ ಇದೊಂದೇ!"